ದೊಡ್ಡಮ್ಮನ ಮಾತ್ರೆಯನ್ನು ಯಾರ ಮೇಲೆ ಪರೀಕ್ಷೆ ಮಾಡಿದ್ದರು?

(ಶಿವಮೊಗ್ಗದ ಹಿರಿಯ ನಾಗರಿಕರ ಕೂಟವೊಂದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಸಭೆಯವರು ಕೇಳಿದ್ದನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಮೈಕ್ ಕೈಗೆ ಬಂದ ಕೂಡಲೇ ಒಂದು ಪ್ರಶ್ನೆ ಕೇಳಿದೆ. ಈ ಹಾಲ್‌ನಲ್ಲಿ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ಜನ? ಅರ್ಧಕ್ಕಿಂತ ಜಾಸ್ತಿ ಕೈಗಳು ಮೇಲೆದ್ದವು. ಅದರಲ್ಲಿ ಎಪ್ಪತ್ತು ದಾಟಿದವರು? ಕೆಲವೇ ಕೈ ಇಳಿದವು. ಸರಿ, ಆ ಮಾತ್ರೆಯನ್ನು ಅಂಗಡಿಗೆ ಬಿಡುವ ಮುಂಚೆ ನಿಮ್ಮ ವಯಸ್ಸಿನವರ ಮೇಲೆ ಪರೀಕ್ಷೆ ಮಾಡಿದ್ದರಾ ಅಂತ ಯಾರಾದರೂ ಡಾಕ್ಟರನ್ನು ಕೇಳಿದ್ದೀರಾ? ಎಲ್ಲ ಕೈಗಳೂ ಇಳಿದವು. ಮುಂದಿನ ಸಾಲಿನಲ್ಲಿದ್ದ ಒಬ್ಬರು, "ಬಾಯಿ ತೆಗೆಯೋಕೆ ಬಿಟ್ರೆ ತಾನೇ ಮೇಡಂ ಕೇಳೋದು" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಾನು ಮೆಡಿಕಲ್ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುವವಳು. ಚೀಟಿ ಬರೆಯುವುದು ನನ್ನ ಕೆಲಸವಲ್ಲ. ಮಾತ್ರೆ ಹೊಟ್ಟೆಗೆ ಹೋದ ಮೇಲೆ ಏನು ಮಾಡುತ್ತದೆ, ಅದು ಕೆಲಸ ಮಾಡುತ್ತದೆ ಅಂತ ಹೇಗೆ ಗೊತ್ತಾಯಿತು, ಇದು ನನ್ನ ಪಾಠ. ಕೆಲವು ವರ್ಷ ಒಂದು ಎಥಿಕ್ಸ್ ಕಮಿಟಿಯಲ್ಲೂ ಕೂತಿದ್ದೆ. ಹೊಸ ಔಷಧದ ಪ್ರಯೋಗ ಮಾಡುವವರು ಮೊದಲು ಇಂಥ ಕಮಿಟಿಯ ಒಪ್ಪಿಗೆ ಪಡೆಯಬೇಕು. ಅಲ್ಲಿ ಕಂಡದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ದೊಡ್ಡಮ್ಮನ ಕಥೆ.

ತೀರ್ಥಹಳ್ಳಿ ಕಡೆಯ ಮನೆ. ಆಗ ದೊಡ್ಡಮ್ಮನಿಗೆ 81. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಅಷ್ಟೂ ವರ್ಷ ಒಂದೇ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಆ ವಾರ ಎರಡು ಹಲ್ಲು ಕೀಳಿಸಿಕೊಂಡಿದ್ದರು. ಗಂಜಿ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೆ ಮಾತ್ರೆ ತಪ್ಪಿಸಲಿಲ್ಲ. ಆ ವಿಷಯದಲ್ಲಿ ಅವರದು ಭಾರಿ ಶಿಸ್ತು. ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಲು ಕೂತವರು ಬತ್ತಿಯನ್ನು ಕುಂಕುಮದ ಭರಣಿಗೆ ಅದ್ದಿದರು. ಸೊಸೆಯನ್ನು ಎಂದೋ ತೀರಿಹೋದ ತಂಗಿಯ ಹೆಸರಿನಿಂದ ಕರೆದರು. ಬೆವರಿಲ್ಲ, ನಡುಕವಿಲ್ಲ. "ಅರಳು ಮರಳು ಶುರುವಾಯ್ತು" ಅಂತ ಮನೆಯವರು ಅಂದುಕೊಂಡರು. ಅರ್ಧ ಗಂಟೆಯಲ್ಲಿ ಮಾತು ತೊದಲಿತು. ಸ್ಟ್ರೋಕ್ ಇರಬೇಕು ಅಂತ ಕಾರು ತೆಗೆದರು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದರೆ ಶುಗರ್ 38.

70ಕ್ಕಿಂತ ಕೆಳಗೆ ಬಂದರೆ ಲೋ ಶುಗರ್. 54ಕ್ಕಿಂತ ಕೆಳಗೆ ಅಪಾಯ. ಗ್ಲೂಕೋಸ್ ಏರಿಸಿದ ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಕಣ್ಣು ಬಿಟ್ಟು, "ಹಾಲು ಕರೆದಾಯ್ತಾ?" ಅಂದರು. ಸರಿಯಾಯಿತಲ್ಲ, ಮನೆಗೆ ಹೋಗೋಣ ಅಂತ ಅಣ್ಣ ಹೊರಟ. ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರ್ ಬಿಡಲಿಲ್ಲ. ಒಳ್ಳೆಯದೇ ಆಯಿತು. ನಡುರಾತ್ರಿ ಶುಗರ್ ಮತ್ತೆ 50ಕ್ಕೆ ಇಳಿಯಿತು.

ಆ ಮಾತ್ರೆ ಗ್ಲೈಬೆನ್‌ಕ್ಲಮೈಡ್. 1960ರ ದಶಕದ ಕೊನೆಯಲ್ಲಿ ಬಂದದ್ದು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಶುಗರನ್ನು ಚೆನ್ನಾಗಿ ಇಳಿಸುತ್ತದೆ. ಇಳಿಸುವ ರೀತಿ ಮಾತ್ರ ಸ್ವಲ್ಪ ಒರಟು. ನೀವು ಊಟ ಮಾಡಿದ್ದೀರೋ ಇಲ್ಲವೋ ಅದಕ್ಕೆ ಬೇಕಿಲ್ಲ. ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ತೆಗೆಸುತ್ತದೆ. ಲಿವರ್ ಅದನ್ನು ಒಡೆದ ಮೇಲೂ, ಒಡೆದ ಚೂರುಗಳು ಶುಗರ್ ಇಳಿಸುತ್ತಲೇ ಇರುತ್ತವೆ. ಆ ಚೂರುಗಳಲ್ಲಿ ಸುಮಾರು ಅರ್ಧದಷ್ಟು ಕಿಡ್ನಿಯ ಮೂಲಕ ಹೊರಗೆ ಹೋಗಬೇಕು. ಕಿಡ್ನಿಗೂ ವಯಸ್ಸಾಗುತ್ತದೆ ಅಲ್ವಾ? ನಲವತ್ತು ದಾಟಿದ ಮೇಲೆ ಅದು ಸೋಸುವ ಶಕ್ತಿ ಸರಾಸರಿ ವರ್ಷಕ್ಕೆ ಒಂದು ಅಂಕದಷ್ಟು ಇಳಿಯುತ್ತದೆ ಅಂತ ಲೆಕ್ಕ. ಹಾಗಾಗಿ ನಲವತ್ತರವರ ಮೈಯಿಂದ ಬೇಗ ಹೋಗುವ ಮಾತ್ರೆ ಎಂಬತ್ತರವರ ಮೈಯಲ್ಲಿ ಬಿಡಾರ ಹೂಡುತ್ತದೆ.

ಇಲ್ಲಿ ಇನ್ನೊಂದು ಮೋಸ ಇದೆ. ಕಿಡ್ನಿ ಹೇಗಿದೆ ಅಂತ ನೋಡಲು ಕ್ರಿಯಾಟಿನಿನ್ ಟೆಸ್ಟ್ ಮಾಡಿಸುತ್ತಾರೆ. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಸಣಕಲಾಗಿರುವ ಅಜ್ಜಿಯ ಮೈಯಲ್ಲಿ ಮಾಂಸಖಂಡವೇ ಕಡಿಮೆ. ಕಿಡ್ನಿ ಅರ್ಧ ಕೆಲಸ ಮಾಡುತ್ತಿದ್ದರೂ ರಿಪೋರ್ಟಿನಲ್ಲಿ ನಾರ್ಮಲ್ ಅಂತ ಬರಬಹುದು. ದೊಡ್ಡಮ್ಮನ ರಿಪೋರ್ಟೂ ನಾರ್ಮಲ್ಲೇ ಇತ್ತು. ಅದಕ್ಕೇ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಅಂದಾಜು ಹೇಳುವ ಸಂಖ್ಯೆಯನ್ನೂ ನೋಡಿ ಅನ್ನುವುದು. ಅದರಲ್ಲಿ ವಯಸ್ಸಿನ ಲೆಕ್ಕ ಸೇರಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಗಳ ಒಂದು ಪಟ್ಟಿ ಇಟ್ಟಿದೆ. 2013ರಲ್ಲಿ ಅದರಲ್ಲಿ ಗ್ಲೈಬೆನ್‌ಕ್ಲಮೈಡ್ ಜಾಗಕ್ಕೆ ಗ್ಲಿಕ್ಲಜೈಡ್ ಅನ್ನುವ ಇನ್ನೊಂದು ಶುಗರ್ ಮಾತ್ರೆ ಬಂತು. ಗ್ಲೈಬೆನ್‌ಕ್ಲಮೈಡ್ 60 ದಾಟಿದವರಿಗೆ ಸೂಕ್ತವಲ್ಲ ಅಂತ ಒಂದು ಸಾಲನ್ನೂ ಸೇರಿಸಿದರು. ಮಾತ್ರೆ ಬಂದು ನಲವತ್ತು ವರ್ಷಕ್ಕೂ ಜಾಸ್ತಿ ಆಗಿತ್ತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಬತ್ತಿ ಕುಂಕುಮಕ್ಕೆ ಬಿದ್ದಿತ್ತೋ ಯಾರು ಬಲ್ಲರು.

ಇದು ದೊಡ್ಡಮ್ಮ ಒಬ್ಬರ ಕಥೆಯಲ್ಲ. ಅಮೆರಿಕದಲ್ಲಿ 2007ರಿಂದ 2009ರವರೆಗೆ ಒಂದು ಲೆಕ್ಕ ತೆಗೆದರು. ಔಷಧದ ತೊಂದರೆಯಿಂದ ತುರ್ತಾಗಿ ಆಸ್ಪತ್ರೆ ಸೇರಿದ 65 ದಾಟಿದವರು ವರ್ಷಕ್ಕೆ ಸುಮಾರು ಒಂದು ಲಕ್ಷ. ಅದರಲ್ಲಿ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಕಾರಣ ಇನ್ಸುಲಿನ್ ಮತ್ತು ಶುಗರ್ ಮಾತ್ರೆ. ಹೀಗೆ ಸೇರಿದವರಲ್ಲಿ ಅರ್ಧದಷ್ಟು ಜನ 80 ದಾಟಿದವರು.

ಹಾಗಾದರೆ ಪರೀಕ್ಷೆ ಮಾಡುವಾಗ ಇದು ಯಾಕೆ ಗೊತ್ತಾಗಲಿಲ್ಲ? ನನ್ನ ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಸಕ್ಕರೆ ಕಾಯಿಲೆಯ ಬಗ್ಗೆ ಡಾಕ್ಟರುಗಳು ಅತಿ ಹೆಚ್ಚು ನಂಬುವ ಅಧ್ಯಯನಗಳಲ್ಲಿ ಒಂದು ಬ್ರಿಟನ್ನಿನದು. ಯುಕೆಪಿಡಿಎಸ್ ಅಂತ ಹೆಸರು. 1977ರಲ್ಲಿ ಶುರುವಾಯಿತು. ಹೊಸದಾಗಿ ಕಾಯಿಲೆ ಕಂಡ 5,102 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಗಮನಿಸಿದರು. 1998ರಲ್ಲಿ ಫಲಿತಾಂಶ ಬಂತು. ಶುಗರ್ ಬಿಗಿಯಾಗಿಟ್ಟರೆ ಕಣ್ಣು, ಕಿಡ್ನಿಯ ತೊಂದರೆ ಕಡಿಮೆಯಾಗುತ್ತದೆ ಅಂತ ಅದು ತೋರಿಸಿತು. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೇರಿಸಿಕೊಂಡದ್ದು 25ರಿಂದ 65 ವಯಸ್ಸಿನವರನ್ನು. ಜೊತೆಗೆ, ಲಾಭ ಕಣ್ಣಿಗೆ ಕಾಣಲು ವರ್ಷಗಳೇ ಹಿಡಿದವು. ಐವತ್ತರಲ್ಲಿ ಕಾಯಿಲೆ ಬಂದವರಿಗೆ ಇದು ಚಿನ್ನದಂಥ ಮಾಹಿತಿ. 82ರಲ್ಲಿ ಇರುವವರಿಗೆ? ಬಿಗಿ ಮಾಡಿದ ಲಾಭ ಬರುವುದು ಎಂಟು ಹತ್ತು ವರ್ಷಕ್ಕೆ. ಲೋ ಶುಗರ್ ಬರುವುದು ಇವತ್ತು ರಾತ್ರಿಗೆ.

ಈ ಬಿಗಿ ಮಾಡುವ ಹುಚ್ಚು ಎಲ್ಲಿಯವರೆಗೆ ಹೋಯಿತು ಅನ್ನುವುದಕ್ಕೆ ಇನ್ನೊಂದು ಅಧ್ಯಯನ ಹೇಳಬೇಕು. ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದದ್ದು ಇದೇ. ಹೆಸರು ಅಕಾರ್ಡ್. ಅಮೆರಿಕ ಮತ್ತು ಕೆನಡಾದಲ್ಲಿ ನಡೆದದ್ದು. 10,251 ಜನ. ಸರಾಸರಿ ವಯಸ್ಸು 62. ಬಹಳ ವರ್ಷದ ಸಕ್ಕರೆ ಕಾಯಿಲೆ, ಜೊತೆಗೆ ಹೃದಯದ ತೊಂದರೆ ಅಥವಾ ಅದರ ಅಪಾಯ ಇದ್ದವರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ನೀವೆಲ್ಲ ಮೂರು ತಿಂಗಳ ಶುಗರ್ ಅಂತ ಕರೆಯುತ್ತೀರಲ್ಲ, ಎಚ್‌ಬಿಎ1ಸಿ, ಅದನ್ನು ಒಂದು ಗುಂಪಿನಲ್ಲಿ 6ಕ್ಕಿಂತ ಕೆಳಗೆ ಇಳಿಸುವ ಗುರಿ. ಇನ್ನೊಂದು ಗುಂಪಿನಲ್ಲಿ 7ರಿಂದ 7.9ರ ಒಳಗೆ ಇದ್ದರೆ ಸಾಕು. ಬಿಗಿ ಗುಂಪಿನವರು ಜಾಸ್ತಿ ದಿನ ಚೆನ್ನಾಗಿ ಬದುಕುತ್ತಾರೆ ಅನ್ನುವುದು ನಿರೀಕ್ಷೆ.

2008ರ ಫೆಬ್ರವರಿಯಲ್ಲಿ ಬಿಗಿ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಸರಾಸರಿ ಮೂರೂವರೆ ವರ್ಷ ಆಗಿತ್ತು. ಬಿಗಿ ಗುಂಪಿನಲ್ಲಿ 257 ಜನ ಸತ್ತಿದ್ದರು. ಸಡಿಲ ಗುಂಪಿನಲ್ಲಿ 203. ಲ್ಯಾಬ್ ರಿಪೋರ್ಟ್ ನೋಡಿದರೆ ಬಿಗಿ ಗುಂಪಿನವರ ಶುಗರ್ ಚೆಂದವಾಗಿತ್ತು, 6.4ಕ್ಕೆ ಇಳಿದಿತ್ತು. ಸಾವು ಮಾತ್ರ 54 ಜಾಸ್ತಿ.

ಯಾಕೆ ಅನ್ನುವುದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಲೋ ಶುಗರ್ ಅಂದರು, ತೂಕ ಏರಿದ್ದು ಅಂದರು, ಒಂದರ ಮೇಲೊಂದು ಮಾತ್ರೆ ಹೇರಿದ್ದು ಅಂದರು. ಒಂದನ್ನೇ ಬೊಟ್ಟು ಮಾಡಿ ತೋರಿಸಲು ಆಗಲಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಡ್ವಾನ್ಸ್ ಅನ್ನುವ ಇನ್ನೊಂದು ಅಧ್ಯಯನದ ಫಲಿತಾಂಶ ಬಂತು. 11,140 ಜನ, 20 ದೇಶ. ಭಾರತವೂ ಅದರಲ್ಲಿತ್ತು. ಅಲ್ಲಿ ನಿಧಾನವಾಗಿ 6.5ರ ಗುರಿಗೆ ಹೋದರು. ಸಾವು ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಕಿಡ್ನಿಗೆ ಸ್ವಲ್ಪ ಒಳ್ಳೆಯದಾಯಿತು. ಅಂದರೆ ಶುಗರ್ ಎಷ್ಟು ಇಳಿಯಿತು ಅನ್ನುವುದರ ಜೊತೆಗೆ ಯಾರಲ್ಲಿ, ಎಷ್ಟು ಅವಸರದಲ್ಲಿ, ಯಾವುದರಿಂದ ಇಳಿಸಿದರು ಅನ್ನುವುದೂ ಮುಖ್ಯ.

ಅಕಾರ್ಡ್‌ನಲ್ಲಿ ಒಂದು ಸಣ್ಣ ಸಂಗತಿ ನನಗೆ ಬಹಳ ಕಾಡುತ್ತದೆ. ಮೊದಲ ಹಂತದಲ್ಲಿ 80 ದಾಟಿದವರಲ್ಲಿ ಲೋ ಶುಗರ್ ಜಾಸ್ತಿ ಕಂಡಿತು. ಹಾಗಾಗಿ ಮುಖ್ಯ ಹಂತಕ್ಕೆ 79 ಅನ್ನುವ ಮಿತಿ ಹಾಕಿದರು. ಅವರ ಕಡೆಯಿಂದ ನೋಡಿದರೆ ಸರಿಯೇ, ಗೊತ್ತಿದ್ದೂ ಅಪಾಯಕ್ಕೆ ದೂಡಬಾರದು. ಆದರೆ ಫಲಿತಾಂಶ ಬಂದ ಮೇಲೆ ಆ ಮಾತ್ರೆಗಳನ್ನು 80 ದಾಟಿದವರೂ ನುಂಗುತ್ತಾರೆ. ಪ್ರಯೋಗದ ಬಾಗಿಲಿಗೆ ವಯಸ್ಸಿನ ಬೀಗ ಇದೆ. ಮೆಡಿಕಲ್ ಶಾಪಿನ ಬಾಗಿಲಿಗೆ ಇಲ್ಲ.

2013ರಲ್ಲಿ ಕೆಲವು ಸಂಶೋಧಕರು ಕೂತು ಇದನ್ನೇ ಎಣಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ನೋಂದಣಿಯಲ್ಲಿದ್ದ, ಹೆಚ್ಚಾಗಿ ದೊಡ್ಡವರಿಗೆ ಬರುವ ಟೈಪ್ 2 ಸಕ್ಕರೆ ಕಾಯಿಲೆಯ 440 ಪ್ರಯೋಗಗಳನ್ನು ನೋಡಿದರು. 289ರಲ್ಲಿ ಮೇಲಿನ ವಯಸ್ಸಿಗೆ ಮಿತಿ ಇತ್ತು. ಹಿರಿಯರಿಗಾಗಿಯೇ ಮಾಡಿದ ಪ್ರಯೋಗ ಎಷ್ಟು ಗೊತ್ತಾ? ಆರು.

ವಯಸ್ಸಿನ ಮಿತಿ ಇಲ್ಲದ ಕಡೆಯೂ ಬೇರೆ ಜರಡಿ ಇರುತ್ತದೆ. ಕಿಡ್ನಿ ತೊಂದರೆ ಇದ್ದರೆ ಬೇಡ. ಹಾರ್ಟ್ ಫೇಲ್ಯೂರ್ ಆಗಿದ್ದರೆ ಬೇಡ. ಮರೆವಿದ್ದರೆ ಬೇಡ. ಬೇರೆ ಮಾತ್ರೆ ಜಾಸ್ತಿ ಇದ್ದರೆ ಬೇಡ. ಕೊನೆಗೆ ಉಳಿಯುವುದು ಬೆಳಿಗ್ಗೆ ಐದು ಕಿಲೋಮೀಟರ್ ವಾಕಿಂಗ್ ಹೋಗಿ ಬರುವ ಎಪ್ಪತ್ತರ ಗಟ್ಟಿಗರು. ಅವರ ಮೇಲೆ ಪರೀಕ್ಷೆ ಮಾಡಿ, ವಾಕರ್ ಹಿಡಿದು ನಡೆಯುವವರಿಗೆ ಕೊಡುತ್ತೇವೆ.

ಕಂಪನಿಗಳು ಯಾಕೆ ಹೀಗೆ ಮಾಡುತ್ತವೆ ಅಂತ ನೀವು ಕೇಳಬಹುದು. ಕೆಟ್ಟತನ ಅಂತ ಒಂದೇ ಮಾತಿನಲ್ಲಿ ಮುಗಿಸುವ ಹಾಗಿಲ್ಲ. ಹಿರಿಯರು ಪ್ರಯೋಗದ ನಡುವೆ ಬೇರೆ ಕಾರಣಕ್ಕೆ ತೀರಿಕೊಂಡರೆ ಔಷಧಕ್ಕೆ ಕೆಟ್ಟ ಹೆಸರು ಬರುತ್ತದೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರಬೇಕು ಅಂದರೆ ಯಾರೋ ಕರೆತರಬೇಕು. ಮಗನಿಗೆ ರಜೆ ಸಿಗಲ್ಲ. ಒಂದು ಬಸ್ ತಪ್ಪಿದರೆ ಒಂದು ತಪಾಸಣೆ ತಪ್ಪಿತು. ಇದೆಲ್ಲ ನಿಜವಾದ ಕಷ್ಟಗಳೇ. ಆದರೆ ಪರೀಕ್ಷೆ ಮಾಡುವಾಗ ಕಷ್ಟ ಅನಿಸಿದವರು ಮಾರುವಾಗ ಗಿರಾಕಿ ಆಗುತ್ತಾರಲ್ಲ, ಅದು ನನ್ನ ತಕರಾರು.

ನಿಯಮವೇ ಇಲ್ಲ ಅಂತಲ್ಲ. ಔಷಧ ಪರೀಕ್ಷೆಯ ನಿಯಮಗಳನ್ನು ಬೇರೆ ಬೇರೆ ದೇಶಗಳು ಸೇರಿ ರೂಪಿಸುವ ಐಸಿಎಚ್ ಅನ್ನುವ ಕೂಟ ಇದೆ. 1993ರಲ್ಲೇ ಅದು ಹಿರಿಯರ ಬಗ್ಗೆ ಒಂದು ಸೂಚನೆ ಹೊರಡಿಸಿತು. 65 ದಾಟಿದ ಕನಿಷ್ಠ 100 ಜನರಾದರೂ ಇರಲಿ ಅಂತ. ನೂರು! ಇದನ್ನು ನನ್ನ ವಿದ್ಯಾರ್ಥಿಗಳಿಗೆ ಲೆಕ್ಕ ಹಾಕಲು ಕೊಡುತ್ತೇನೆ. ನೂರರಲ್ಲಿ ಒಬ್ಬರಿಗೆ ಬರುವ ಒಂದು ಕೆಟ್ಟ ಪರಿಣಾಮ ಇದೆ ಅಂತಿಟ್ಟುಕೊಳ್ಳಿ. ನೂರು ಜನರ ಮೇಲೆ ಪರೀಕ್ಷೆ ಮಾಡಿದಾಗ ಅದು ಒಬ್ಬರಲ್ಲೂ ಕಾಣದೆ ಹೋಗುವ ಸಂಭವ ಎಷ್ಟು? ಮಕ್ಕಳು ಸೊನ್ನೆ ಅನ್ನುತ್ತಾರೆ. ಉತ್ತರ ಸುಮಾರು ನೂರಕ್ಕೆ 37. ಅಂದರೆ ಮೂರು ಸಲ ಪರೀಕ್ಷೆ ಮಾಡಿದರೆ ಒಂದು ಸಲ "ಏನೂ ತೊಂದರೆ ಕಾಣಲಿಲ್ಲ" ಅಂತ ವರದಿ ಬರುತ್ತದೆ. ಅದರಲ್ಲಿ ಸುಳ್ಳಿಲ್ಲ. ಆದರೆ ನಮ್ಮ ದೇಶದಲ್ಲಿ ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಐಸಿಎಂಆರ್ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ನೂರರಲ್ಲಿ ಒಬ್ಬರು ಅಂದರೆ ಏನು ಅಂತ ನೀವೇ ಗುಣಿಸಿ ನೋಡಿ.

ಇಷ್ಟು ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಒಳ್ಳೇದು ಏನೂ ಇಲ್ವಾ ಮೇಡಂ, ಬರೀ ಹೆದರಿಸ್ತಿದ್ದೀರಲ್ಲ" ಅಂದರು. ಇದೆ, ಹೇಳ್ತೀನಿ ಅಂದೆ.

ಯುರೋಪಿನಲ್ಲಿ ನಡೆದ ಇಂಟರ್ವಲ್ ಅನ್ನುವ ಅಧ್ಯಯನ 2013ರಲ್ಲಿ ಪ್ರಕಟವಾಯಿತು. 278 ಜನ, ಎಲ್ಲರೂ 70 ದಾಟಿದವರು. ವಿಲ್ಡಾಗ್ಲಿಪ್ಟಿನ್ ಅನ್ನುವ ಮಾತ್ರೆಯ ಪರೀಕ್ಷೆ. ಇಲ್ಲಿ ಒಂದು ಹೊಸತನ ಇತ್ತು. ಎಲ್ಲರಿಗೂ ಒಂದೇ ಶುಗರ್ ಗುರಿ ಇಡಲಿಲ್ಲ. ಈ ಮನುಷ್ಯನ ವಯಸ್ಸೆಷ್ಟು, ಎಷ್ಟು ಸೊರಗಿದ್ದಾರೆ, ಬೇರೆ ಏನು ಕಾಯಿಲೆ ಇದೆ ಅಂತ ನೋಡಿ ಡಾಕ್ಟರು ಪ್ರತಿಯೊಬ್ಬರಿಗೂ ಅವರದೇ ಗುರಿ ಬರೆದರು. 24 ವಾರ ಆದ ಮೇಲೆ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 52.6 ಜನ ತಮ್ಮ ಗುರಿ ಮುಟ್ಟಿದ್ದರು.

ನನಗೆ ಇಷ್ಟವಾದದ್ದು ಇನ್ನೊಂದು ಗುಂಪಿನ ಕಥೆ. ಅವರಿಗೆ ಕೊಟ್ಟದ್ದು ಹುಸಿ ಮಾತ್ರೆ. ನೋಡಲು ಹಾಗೇ, ಒಳಗೆ ಔಷಧ ಇಲ್ಲ. ಅವರಲ್ಲೂ ನೂರಕ್ಕೆ 27 ಜನ ಗುರಿ ಮುಟ್ಟಿದರು! ಹೇಗೆ? ನಿಮ್ಮ ಗುರಿ ಇಷ್ಟು ಅಂತ ಒಬ್ಬರು ಕೂರಿಸಿಕೊಂಡು ಹೇಳಿದರು. ಆಗಾಗ ಕರೆದು ವಿಚಾರಿಸಿದರು. ಗುರಿಯೂ ಕೈಗೆಟಕುವ ಹಾಗೆ ಇತ್ತು. ಹತ್ತು ನಿಮಿಷದ ಮಾತು ಕೂಡ ಒಂದು ಔಷಧವೇ ಅನ್ನಿ. ಅಧ್ಯಯನಕ್ಕೆ ದುಡ್ಡು ಕೊಟ್ಟದ್ದು ಆ ಮಾತ್ರೆಯ ಕಂಪನಿಯೇ, ಅದನ್ನೂ ಹೇಳಿಬಿಡುತ್ತೇನೆ. ಕಂಪನಿ ಮಾಡಿಸಿದ ಪರೀಕ್ಷೆಯನ್ನು ಒಂದು ಚಿಟಿಕೆ ಉಪ್ಪು ಕಡಿಮೆ ಇದೆಯೇನೋ ಅನ್ನುವ ಹಾಗೆ ನಾಲಿಗೆಗೆ ಹಚ್ಚಿ ನೋಡಬೇಕು. ಆದರೆ ಪ್ರಶ್ನೆ ಸರಿಯಾಗಿತ್ತು. 2019ರ ಕೊನೆಯಲ್ಲಿ ಈ ಮಾತ್ರೆಯ ಪೇಟೆಂಟ್ ನಮ್ಮಲ್ಲಿ ಮುಗಿಯಿತು, ಬೆಲೆ ಇಳಿಯಿತು. ಈಗ ಇಲ್ಲಿ ಕೂತ ಎಷ್ಟೋ ಜನರ ಡಬ್ಬಿಯಲ್ಲಿ ಇರುತ್ತದೆ.

ಸರಿಯಾದ ಪ್ರಶ್ನೆ ಕೇಳಿದ ಇನ್ನೊಂದು ಅಧ್ಯಯನ ಅಮೆರಿಕದ್ದು, 2020ರಲ್ಲಿ ಬಂತು. 60 ದಾಟಿದ, ಟೈಪ್ 1 ಕಾಯಿಲೆಯ, ಅಂದರೆ ಮೈಯಲ್ಲಿ ಇನ್ಸುಲಿನ್ನೇ ಹೆಚ್ಚುಕಡಿಮೆ ತಯಾರಾಗದ, 203 ಜನ. ಇದು ಮಾತ್ರೆಯ ಪರೀಕ್ಷೆ ಅಲ್ಲ. ಚರ್ಮಕ್ಕೆ ಅಂಟಿಸುವ, ಬಿಡದೆ ಶುಗರ್ ತೋರಿಸುವ ಸೆನ್ಸರ್‌ನದು. ಅವರು ನೋಡಿದ್ದು ದಿನಕ್ಕೆ ಎಷ್ಟು ನಿಮಿಷ ಲೋ ಶುಗರ್‌ನಲ್ಲಿ ಕಳೆದರು ಅಂತ. ಸೆನ್ಸರ್ ಹಾಕಿಕೊಂಡವರಲ್ಲಿ ಅದು 73 ನಿಮಿಷದಿಂದ 39ಕ್ಕೆ ಇಳಿಯಿತು. ದೊಡ್ಡಮ್ಮನಿಗೆ ಬೇಕಿದ್ದ ಲೆಕ್ಕ ಇದು ಅಲ್ವಾ? ಸರಾಸರಿ 6.8 ಇದ್ದರೇನು, 7.4 ಇದ್ದರೇನು, ಬಾತ್‌ರೂಮಿನಲ್ಲಿ ಬಿದ್ದು ಸೊಂಟ ಮುರಿದರೆ?

ಇನ್ನು ಮೆಟ್‌ಫಾರ್ಮಿನ್. ಇದರ ಹೆಸರು ಹೇಳಿದರೆ ಸಭೆಯಲ್ಲಿ ಎಲ್ಲರ ಮುಖ ಅರಳುತ್ತದೆ, ಹಳೇ ನೆಂಟ. ಒಳ್ಳೆಯ ಮಾತ್ರೆ. ಒಂದೇ ತೆಗೆದುಕೊಂಡರೆ ಲೋ ಶುಗರ್ ಮಾಡುವುದು ಬಹಳ ಅಪರೂಪ. ವಿಟಮಿನ್ ಬಿ12 ಕಡಿಮೆ ಮಾಡಬಹುದು, ಅದನ್ನು ಆಗಾಗ ನೋಡಿಸಿಕೊಳ್ಳಿ. ಇಜಿಎಫ್‌ಆರ್ 30ಕ್ಕಿಂತ ಕೆಳಗೆ ಹೋದರೆ ನಿಲ್ಲಿಸಬೇಕು. ಇಷ್ಟು ಎಲ್ಲರಿಗೂ ಗೊತ್ತು.

ಈಗ ಕೆಲವು ವರ್ಷದಿಂದ ಇದಕ್ಕೆ ಹೊಸ ಹೆಸರು ಬಂದಿದೆ, ಮುಪ್ಪು ತಡೆಯುವ ಮಾತ್ರೆ ಅಂತ. ನ್ಯೂಯಾರ್ಕಿನ ಅಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ನೀರ್ ಬಾರ್ಜಿಲೈ ಅನ್ನುವವರು ಟೇಮ್ ಅನ್ನುವ ಪ್ರಯೋಗದ ಯೋಜನೆ ಮಾಡಿದ್ದಾರೆ. ಸಕ್ಕರೆ ಕಾಯಿಲೆ ಇಲ್ಲದ, 65ರಿಂದ 79 ವಯಸ್ಸಿನ 3,000 ಜನರಿಗೆ ಆರು ವರ್ಷ ಕೊಟ್ಟು ನೋಡುವ ಯೋಚನೆ. ಹಿರಿಯರನ್ನು ಹೊರಗೆ ನಿಲ್ಲಿಸದೆ ಪಂಕ್ತಿಯಲ್ಲಿ ಮೊದಲು ಕೂರಿಸುವ ಪ್ರಯೋಗ! ತಮಾಷೆ ಅಂದರೆ ಅದಕ್ಕೆ ದುಡ್ಡು ಹೊಂದಿಸುವುದೇ ದೊಡ್ಡ ಕಷ್ಟವಾಗಿದೆ. ಮೆಟ್‌ಫಾರ್ಮಿನ್ ಹಳೆಯ, ಅಗ್ಗದ ಮಾತ್ರೆ. ಗೆದ್ದರೂ ಯಾವ ಕಂಪನಿಗೂ ಲಾಭವಿಲ್ಲ.

ಅದು ಶುರುವಾಗುವ ಮುಂಚೆಯೇ ಇಂಟರ್ನೆಟ್ಟಿನಲ್ಲಿ ನೋಡಿ ಸುಮ್ನೆ ಮೆಟ್‌ಫಾರ್ಮಿನ್ ನುಂಗುವವರು ಹುಟ್ಟಿಕೊಂಡಿದ್ದಾರೆ. ಅವರಿಗೆ ಒಂದು ಅಧ್ಯಯನ ಹೇಳಬೇಕು. ಅಮೆರಿಕದ ಕೆಂಟಕಿ ಮತ್ತು ಅಲಬಾಮಾದ ವಿಶ್ವವಿದ್ಯಾಲಯಗಳು ಸೇರಿ ಮಾಡಿದ್ದು, 2019ರಲ್ಲಿ ಪ್ರಕಟವಾಯಿತು. 65 ದಾಟಿದವರಿಗೆ 14 ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅರ್ಧ ಜನಕ್ಕೆ ಮೆಟ್‌ಫಾರ್ಮಿನ್, ಅರ್ಧ ಜನಕ್ಕೆ ಹುಸಿ ಮಾತ್ರೆ. ಮೆಟ್‌ಫಾರ್ಮಿನ್ ಕೊಟ್ಟರೆ ಸ್ನಾಯು ಇನ್ನೂ ಚೆನ್ನಾಗಿ ಬೆಳೆಯುತ್ತದೆ ಅಂತ ಅವರ ಊಹೆ. ಆದದ್ದು ಉಲ್ಟಾ. ಹುಸಿ ಮಾತ್ರೆಯವರ ಸ್ನಾಯುವೇ ಜಾಸ್ತಿ ಬೆಳೆಯಿತು. ಇಂಗ್ಲೆಂಡಿನಲ್ಲಿ ಮಾಡಿದ ಇನ್ನೊಂದು ಪರೀಕ್ಷೆಯಲ್ಲಿ ಸ್ನಾಯು ಸೊರಗಿದ 72 ಜನ ಹಿರಿಯರಲ್ಲಿ ಕೆಲವರಿಗೆ ಮೆಟ್‌ಫಾರ್ಮಿನ್, ಉಳಿದವರಿಗೆ ಹುಸಿ ಮಾತ್ರೆ ನಾಲ್ಕು ತಿಂಗಳು ಕೊಟ್ಟು, ನಾಲ್ಕು ಮೀಟರ್ ನಡೆಯಲು ಎಷ್ಟು ಹೊತ್ತು ಬೇಕು ಅಂತ ಅಳೆದರು. ನಡಿಗೆ ಸುಧಾರಿಸಲಿಲ್ಲ. ಇವರ್ಯಾರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ, ನೆನಪಿರಲಿ. ಕಾಯಿಲೆ ಇರುವವರು ಇದನ್ನು ಕೇಳಿ ಮಾತ್ರೆ ಬಿಡಬೇಡಿ. ನಾನು ಹೇಳುವುದು ಇಷ್ಟೇ: ಹಿರಿಯರನ್ನೇ ಕೂರಿಸಿ ಪರೀಕ್ಷೆ ಮಾಡಿದರೆ ನಾವು ಅಂದುಕೊಂಡದ್ದಕ್ಕೆ ತಿರುಗಾ ಉತ್ತರ ಬರಬಹುದು.

ಹೊಸ ಮಾತ್ರೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಹೆಸರು ಹೇಳುವಷ್ಟರಲ್ಲಿ ಶುಗರ್ ಇಳಿಯುತ್ತದೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಹೃದಯಕ್ಕೆ, ಕಿಡ್ನಿಗೆ ನಿಜವಾಗಿಯೂ ಒಳ್ಳೆಯದು. ಎಂಪಾಗ್ಲಿಫ್ಲೋಜಿನ್‌ನ 2015ರ ಅಧ್ಯಯನದಲ್ಲಿ ಹೃದಯ ಕಾಯಿಲೆ ಇದ್ದ 7,020 ಜನ ಇದ್ದರು, ಹೃದಯ ಮತ್ತು ರಕ್ತನಾಳದ ಕಾರಣದ ಸಾವು ನೂರಕ್ಕೆ 38ರಷ್ಟು ತಗ್ಗಿತ್ತು. ಆದರೆ ಸಕ್ಕರೆಯ ಜೊತೆ ನೀರೂ ಹೋಗುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳ ಬಿಸಿಲು ನೆನೆಸಿಕೊಳ್ಳಿ. ಬಾಯಾರಿಕೆ ಮಂದವಾಗಿರುವ ಅಜ್ಜ, ಜೊತೆಗೆ ಬಿಪಿ ಮಾತ್ರೆ, ರಾತ್ರಿ ಎರಡು ಸಲ ಎದ್ದು ಕತ್ತಲಲ್ಲಿ ಬಚ್ಚಲಿಗೆ ನಡೆಯಬೇಕು. ವಾಂತಿ ಭೇದಿ ಆದ ದಿನ ಈ ಮಾತ್ರೆ ನಿಲ್ಲಿಸಬೇಕಾ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕಾಯಿಲೆ ಬಂದ ದಿನ ಕೇಳಲು ಫೋನ್ ಸಿಗುವುದಿಲ್ಲ.

ಎಥಿಕ್ಸ್ ಕಮಿಟಿಯ ಮಾತು ಬಾಕಿ ಇದೆ. ಭಾರತದಲ್ಲಿ 2019ರಿಂದ ಹೊಸ ನಿಯಮಗಳಿವೆ. ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟು ಜನ ಆ ಸಂಸ್ಥೆಗೆ ಸೇರದವರಾಗಿರಬೇಕು. ವೈದ್ಯರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು. ನಮ್ಮ ಕಮಿಟಿಯಲ್ಲಿ ಆ ಜಾಗಕ್ಕೆ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು. ಒಮ್ಮೆ ಒಪ್ಪಿಗೆ ಪತ್ರದ ಕನ್ನಡ ಅನುವಾದ ಬಂತು. ಹದಿನಾಲ್ಕು ಪುಟ. ಮೂರನೇ ಪುಟದಲ್ಲಿ "ಯಾದೃಚ್ಛಿಕೀಕರಣ" ಅಂತ ಇತ್ತು. ಮೇಷ್ಟ್ರು ಕನ್ನಡಕ ತೆಗೆದು, "ಇದನ್ನ ಓದಿ ಸೈನ್ ಹಾಕೋ ಮುದುಕನ್ನ ನನಗೆ ತೋರಿಸಿ, ಕಾಲಿಗೆ ಬೀಳ್ತೀನಿ" ಅಂದರು. ಅದನ್ನು ಹೊಡೆದು ಹಾಕಿ ಅವರೇ ಬರೆದರು: "ನಿಮಗೆ ಯಾವ ಮಾತ್ರೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡುತ್ತೇವೆ. ಡಾಕ್ಟರ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ." ಆವತ್ತಿನಿಂದ ನಾನು ಪಾಠದಲ್ಲೂ ಹಾಗೇ ಹೇಳುತ್ತೇನೆ.

ಮೇಷ್ಟ್ರು ಹಿಡಿದ ಇನ್ನೊಂದು ವಿಷಯ ಹೇಳುತ್ತೇನೆ. ಹಿರಿಯರ ಒಪ್ಪಿಗೆ ಅಂತ ಬರುವ ಕಾಗದದಲ್ಲಿ ಎಷ್ಟೋ ಸಲ ಮಗನ ಸಹಿ ಇರುತ್ತಿತ್ತು. "ಅಪ್ಪನಿಗೆ ಕಿವಿ ಕೇಳಲ್ಲ ಸಾರ್." ಕಿವಿ ಕೇಳದಿದ್ದರೆ ಜೋರಾಗಿ ಹೇಳಬೇಕು. ಕಣ್ಣು ಕಾಣದಿದ್ದರೆ ಓದಿ ಹೇಳಬೇಕು. ಬುದ್ಧಿ ನೆಟ್ಟಗಿರುವವರ ಒಪ್ಪಿಗೆಯನ್ನು ಬೇರೆಯವರು ಕೊಡುವ ಹಾಗಿಲ್ಲ. ಹೊಸ ಔಷಧದ ಪ್ರಯೋಗದಲ್ಲಿ ದುರ್ಬಲ ಸ್ಥಿತಿಯಲ್ಲಿರುವವರ ಒಪ್ಪಿಗೆಯನ್ನು ವಿಡಿಯೋ ಮಾಡಬೇಕು ಅಂತ ನಿಯಮವೇ ಇದೆ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೂಡ. ಯಾವ ಪ್ರಯೋಗ ಎಲ್ಲಿ ನಡೆಯುತ್ತಿದೆ ಅಂತ ಸಿಟಿಆರ್‌ಐ ಅನ್ನುವ ಸರ್ಕಾರಿ ನೋಂದಣಿಯಲ್ಲಿ ಯಾರು ಬೇಕಾದರೂ ನೋಡಬಹುದು. 2009ರಿಂದ ನೋಂದಣಿ ಕಡ್ಡಾಯ. ಮೊಮ್ಮಕ್ಕಳಿಗೆ ಹೇಳಿ, ಫೋನಿನಲ್ಲಿ ತೆಗೆದುಕೊಡುತ್ತಾರೆ. ವಯಸ್ಸಿನ ಮಿತಿ ಎಷ್ಟು ಅನ್ನುವ ಸಾಲನ್ನು ಮಾತ್ರ ತಪ್ಪದೆ ಓದಿ.

ಪ್ರಶ್ನೆಗಳ ಹೊತ್ತು ಬಂತು. ಒಬ್ಬರು ಹೆಂಗಸು ಕೇಳಿದರು: "ಸಂಕಷ್ಟಿ ದಿನ ಚಂದ್ರ ಕಾಣೋವರೆಗೂ ನಾನು ಏನೂ ತಿನ್ನಲ್ಲಮ್ಮ. ಬೆಳಗ್ಗಿನ ಮಾತ್ರೆ ತಗೋಬೇಕಾ, ಬೇಡವಾ?" ಇಡೀ ಬೆಳಿಗ್ಗೆಯ ಅತ್ಯುತ್ತಮ ಪ್ರಶ್ನೆ ಇದು. ಸಂಕಷ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಪ್ರಯೋಗ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ರಂಜಾನ್ ಉಪವಾಸದ ಬಗ್ಗೆ ಒಳ್ಳೆಯ ಅಧ್ಯಯನ ಇದೆ. 2001ರಲ್ಲಿ 13 ದೇಶಗಳ 12,243 ಜನರನ್ನು ವಿಚಾರಿಸಿದ್ದರು. ಟೈಪ್ 2 ಇದ್ದವರಲ್ಲಿ ಉಪವಾಸದ ತಿಂಗಳು ತೀವ್ರ ಲೋ ಶುಗರ್ ಏಳೂವರೆ ಪಟ್ಟು ಹೆಚ್ಚಿತ್ತು. ನಿಮ್ಮ ಮಾತ್ರೆ ದೊಡ್ಡಮ್ಮನದರ ಹಾಗೆ ಇನ್ಸುಲಿನ್ ಹಿಂಡಿ ತೆಗೆಸುವ ಗ್ಲಿಮೆಪಿರೈಡ್ ಜಾತಿಯದಾದರೆ ಉಪವಾಸದ ದಿನ ಅದನ್ನು ಹಾಗೇ ನುಂಗುವುದು ಅಪಾಯ. ಡಾಕ್ಟರ ಹತ್ತಿರ ಹೋದಾಗ ಉಪವಾಸದ ದಿನಗಳನ್ನು ಮುಚ್ಚಿಡಬೇಡಿ, ಬೈದರೆ ಬೈಸಿಕೊಳ್ಳಿ ಅಂದೆ. "ಬೈಯ್ತಾರೆ ಅಂತಾನೇ ಹೇಳಿಲ್ಲ" ಅಂದರು.

ಕೊನೆಗೆ ಎಲ್ಲರೂ ಉಪ್ಪಿಟ್ಟಿಗೆ ಎದ್ದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದರು. 79 ವರ್ಷ. ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಚೀಲ. ಮೇಜಿನ ಮೇಲೆ ಸುರಿದರು. ಹನ್ನೊಂದು ಶೀಟು. ಒಂದೊಂದಾಗಿ ತಿರುಗಿಸಿ ನೋಡಿದೆ. ಏಳನೆಯದು ದೊಡ್ಡಮ್ಮನದೇ ಮಾತ್ರೆ, ಮೆಟ್‌ಫಾರ್ಮಿನ್ ಜೊತೆ ಸೇರಿಸಿದ್ದು.

"ನಿಲ್ಲಿಸಿಬಿಡ್ಲಾ ಮಗಳೇ?"

ಇವತ್ತೇ ನೀವಾಗಿ ನಿಲ್ಲಿಸಬೇಡಿ, ಶುಗರ್ ಏರುತ್ತದೆ. ನಾಳೆ ಈ ಚೀಲದ ಸಮೇತ ನಿಮ್ಮ ಡಾಕ್ಟರ ಹತ್ತಿರ ಹೋಗಿ ಅಂದೆ.

"ಏನಂತ ಕೇಳ್ಲಿ? ಅಲ್ಲಿ ಹೋದ್ರೆ ನನಗೆ ಎಲ್ಲ ಮರ್ತು ಹೋಗತ್ತೆ."

ಆಮಂತ್ರಣ ಪತ್ರಿಕೆಯ ಹಿಂದೆ ಬರೆದುಕೊಟ್ಟೆ: "ನನಗೆ 79. ಇದರ ಬದಲು ಲೋ ಶುಗರ್ ಮಾಡದ ಮಾತ್ರೆ ಇದೆಯಾ? ನನ್ನ ಇಜಿಎಫ್‌ಆರ್ ಎಷ್ಟಿದೆ?"

ಅವರು ಅದನ್ನು ಕೈ ಉದ್ದ ಮಾಡಿ ಹಿಡಿದು ನೋಡಿದರು. ಹತ್ತಿರ ತಂದು ನೋಡಿದರು. ಆಮೇಲೆ ನನಗೇ ವಾಪಸ್ ಕೊಟ್ಟು, "ಸ್ವಲ್ಪ ದಪ್ಪ ಅಕ್ಷರದಲ್ಲಿ ಬರಿ" ಅಂದರು. ಇನ್ನೊಂದು ಪತ್ರಿಕೆ ತೆಗೆದುಕೊಂಡು, ಮೊದಲಿನದಕ್ಕಿಂತ ಎರಡರಷ್ಟು ದೊಡ್ಡದಾಗಿ, ಮತ್ತೆ ಬರೆದೆ.